ಡಬ್ಬಿಯಲ್ಲಿ ಮರಳಿ ಬಂದ ಮೊಟ್ಟೆಯ ಹಳದಿ

ಅದು ೨೦೧೨. ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಿಂದ ಪೀಣ್ಯದ ಒಂದು ಮೆಷಿನ್ ಶಾಪ್‌ಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವುದು ಆಗ ನನ್ನ ಕೆಲಸ. ಆ ಶುಕ್ರವಾರದ ಬೆಳಗೂ ಎಂದಿನಂತೆಯೇ ಶುರುವಾಯಿತು. ಯಜಮಾನರ ಶರ್ಟಿಗೆ ಇಸ್ತ್ರಿ, ಮಗಳ ಜಡೆ, ಕುಕ್ಕರಿನ ಸೀಟಿ. ಆಮೇಲೆ ಹಿಂದಿನ ದಿನ ಮರಳಿ ಬಂದ ಡಬ್ಬಿಗಳನ್ನು ತೊಳೆಯಲು ಕೂತೆ.

ರಂಗಪ್ಪನವರ ಡಬ್ಬಿಯಲ್ಲಿ ಮತ್ತೆ ಅದೇ: ಎರಡು ಮೊಟ್ಟೆಯ ಹಳದಿ, ಗೋಲಿಗಳ ಹಾಗೆ ದುಂಡಗೆ; ಪಕ್ಕದಲ್ಲಿ ಕಾಯಿತುರಿ ಹಾಕಿದ ಪಲ್ಯ. ಮೊಟ್ಟೆಯ ಬಿಳಿ ಭಾಗ ಮತ್ತು ಸೌತೆಕಾಯಿ ಮಾತ್ರ ಖಾಲಿ. ರಂಗಪ್ಪ ಅಲ್ಲಿ ಲೇತ್ ಆಪರೇಟರ್. ಸಕ್ಕರೆ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಸೋಮವಾರ ಫೋನ್ ಮಾಡಿದ್ದರು. "ಮೇಡಂ, ಇನ್ಮೇಲೆ ಅನ್ನ, ಮುದ್ದೆ, ಚಪಾತಿ ಯಾವ್ದೂ ಬೇಡ. ಡಾಕ್ಟ್ರೇ ಹೇಳಿದಾರೆ." ಈಗ ಹಳದಿಯನ್ನೂ ಬಿಡುತ್ತಿದ್ದಾರಲ್ಲ, ಏನೆಂದು ಕೇಳೋಣವೆಂದು ಅಂದು ಡಬ್ಬಿ ಒಯ್ಯುವ ಆಟೋದಲ್ಲಿ ನಾನೂ ಹೋದೆ.

ಗೇಟಿನ ಹತ್ತಿರ ಗುಂಪು ಸೇರಿತ್ತು. ಮಧ್ಯೆ, ಸೆಕ್ಯುರಿಟಿಯವರ ಸ್ಟೂಲಿನ ಮೇಲೆ ರಂಗಪ್ಪ. ತಲೆ ವಾಲುತ್ತಿತ್ತು, ಮಾತು ತೊದಲುತ್ತಿತ್ತು. ಸೂಪರ್‌ವೈಸರ್ ಕೆಂಡವಾಗಿದ್ದರು.

"ಹಗಲೊತ್ತೇ ಕುಡ್ಕೊಂಡ್ ಮೆಷಿನ್ ಮುಂದೆ ನಿಂತವ್ನೆ! ಕೈ ಹೋಗಿದ್ರೆ ಯಾರ್ರೀ ಜವಾಬ್ದಾರಿ? ಇನ್ಮೇಲೆ ಕೆಲ್ಸಕ್ಕೆ ಬರೋದೇ ಬೇಡ, ಮನೆಗ್ ಕಳ್ಸಿ!"

ಡಿಸೆಂಬರ್ ಚಳಿಯಲ್ಲೂ ರಂಗಪ್ಪನವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೆರಳುಗಳು ನಡುಗುತ್ತಿದ್ದವು. ಹತ್ತಿರ ಬಗ್ಗಿದರೆ ಮೆಷಿನ್ ಎಣ್ಣೆಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಶುಗರ್ ಮಾತ್ರೆ ನುಂಗಿ ಊಟ ತಡವಾದ ಒಂದು ದಿನ ನಮ್ಮತ್ತೆಗೂ ಹೀಗೇ ಆಗಿತ್ತು.

"ಇವರು ಕುಡಿದಿಲ್ಲ. ಶುಗರ್ ಇಳಿದುಬಿಟ್ಟಿದೆ. ಬೇಗ ಸಕ್ಕರೆ ತನ್ನಿ," ಎಂದೆ.

ಫಿಟ್ಟರ್ ಸೆಲ್ವಂ ಕೈ ಅಡ್ಡ ಹಿಡಿದ. "ಶುಗರ್ ಪೇಶೆಂಟ್‌ಗೇ ಸಕ್ಕರೆನಾ ಮೇಡಂ? ಸಾಯಿಸ್ಬಿಡ್ತೀರಾ!"

ನಾನು ಜೋರಾಗಿ ಮಾತಾಡಿ ಅಭ್ಯಾಸವಿದ್ದವಳಲ್ಲ. ಅಂದು ಕೂಗಿಯೇಬಿಟ್ಟೆ. ಎದುರಿನ ಟೀ ಅಂಗಡಿಯಿಂದ ಸಕ್ಕರೆ ಬಂತು. ರಂಗಪ್ಪನವರಿಗೆ ನುಂಗುವಷ್ಟು ಎಚ್ಚರವಿತ್ತು. ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಕೊನೆಗೆ ಅಲೆದಾಡುತ್ತಿದ್ದ ಕಣ್ಣುಗಳು ನನ್ನ ಮುಖದ ಮೇಲೆ ನಿಂತವು.

"ಮೇಡಂ... ನೀವ್ಯಾಕ್ ಬಂದ್ರಿ?"

ಸೂಪರ್‌ವೈಸರ್ ಕಾರು ತೆಗೆದರು, ನಾನೂ ಹತ್ತಿದೆ.

ಕ್ಲಿನಿಕ್ಕಿನಲ್ಲಿ ನೋಡಿದರೆ, ಸಕ್ಕರೆ ಕುಡಿಸಿದ ಮೇಲೂ ರಕ್ತದಲ್ಲಿ ಐವತ್ತೆಂಟು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯವಂತೆ. ಡಾಕ್ಟರು ರೇಗಿದರು. "ಅನ್ನ ಕಮ್ಮಿ ಮಾಡಿ ಅಂದೆ, ಎಲ್ಲಾ ಬಿಟ್ಬಿಡಿ ಅಂದ್ನೇನ್ರೀ? ಮಾತ್ರೆ ಇರೋದೇ ಸಕ್ಕರೆ ಇಳಿಸೋಕೆ. ಕಾರ್ಬೊಹೈಡ್ರೇಟೇ ಒಳಗ್ ಹೋಗ್ದಿದ್ರೆ ಹೀಗೇ ಆಗೋದು."

"ಬೇಗ ವಾಸಿಯಾಗ್ಲಿ ಅಂತ ಸಾರ್... ಕೊಬ್ಬು ಅಂತ ಹಳದೀನೂ ಬಿಟ್ಟೆ," ಎಂದು ರಂಗಪ್ಪ ತಲೆ ತಗ್ಗಿಸಿದರು.

ಸೂಪರ್‌ವೈಸರ್ ಅವರ ಭುಜದ ಮೇಲೆ ಕೈಯಿಟ್ಟರು. "ಸೋಮವಾರ ಕೆಲ್ಸಕ್ಕೆ ಬಾರಪ್ಪಾ. ತಿಂದ್ಕೊಂಡ್ ಬಾ."

ಅನ್ನ, ಮುದ್ದೆ ಮೈಗೆ ಉರುವಲು. ಬೇಳೆ, ಮೊಟ್ಟೆಯ ಪ್ರೋಟೀನ್ ಸವೆದದ್ದನ್ನು ಕಟ್ಟುತ್ತದೆ. ಕಾಯಿ, ಎಣ್ಣೆಯ ಕೊಬ್ಬೂ ಹಿತಮಿತವಾಗಿ ಬೇಕು. ಮಾತ್ರೆ ನುಂಗುವವರ ತಟ್ಟೆಯಿಂದ ಯಾವುದನ್ನೇ ಎತ್ತಿಡುವ ಮೊದಲು ಡಾಕ್ಟರನ್ನು ಕೇಳಬೇಕೆಂದು ನನ್ನ ಕೆಲಸ ಅಂದು ನನಗೆ ಕಲಿಸಿತು.

ಸಂಜೆ ಪಕ್ಕದ ಮನೆಯ ಮುನಿಯಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ನಡೆದದ್ದನ್ನೆಲ್ಲ ಕೇಳಿದರು. ಕಾಳನ್ನು ಮೊರಕ್ಕೆ ಹಾಕುತ್ತ ಅಂದರು:

"ಅಂಗಾ? ಪಾಪ. ನಮ್ಮೆಜಮಾನ್ರದೂ ನಾಳೆ ಸನಿವಾರ ಒಪ್ಪೊತ್ತು ಕಣವ್ವ. ಊಟ ಬಿಟ್ರೂ ಶುಗರ್ ಮಾತ್ರೆ ಮಾತ್ರ ಒಂದಿನಾನೂ ಬಿಟ್ಟೋರಲ್ಲ."