ವರ್ನಾಳ ಎಡಗೈ ಸಹಿ

ನಮ್ಮೂರಿಗೆ ಕಸದ ಗಾಡಿ ಬರುವುದಿಲ್ಲ. ಶನಿವಾರ ಬೆಳಿಗ್ಗೆ ಎಲ್ಲರೂ ತಂತಮ್ಮ ಕಸವನ್ನು ತಂತಮ್ಮ ಗಾಡಿಗೆ ಹೇರಿಕೊಂಡು ಊರಾಚೆ, ಕಸ ಹಾಕುವ ಬಯಲಿಗೆ ಹೋಗಬೇಕು. ವೈದ್ಯರಾದರೂ ಅಷ್ಟೆ, ಪಾದ್ರಿಯಾದರೂ ಅಷ್ಟೆ. ಊರಿನವರನ್ನೆಲ್ಲ ಒಂದೇ ಕಡೆ ಹಿಡಿಯಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಪ್ಪತ್ತೆರಡು ವರ್ಷಗಳಿಂದ ವರ್ನಾ ಪೆಲ್ಕಿ ನಿಲ್ಲುವುದೂ ಅಲ್ಲೇ, ಗಾಜಿನ ಬಾಟಲಿಗಳ ತೊಟ್ಟಿಯ ಪಕ್ಕದಲ್ಲಿ, ಕೊರಳಿಗೆ ದಾರದಲ್ಲಿ ಪೆನ್ನು ನೇತುಹಾಕಿಕೊಂಡು.

ವರ್ನಾ ಹುಟ್ಟಾ ರಾಜಕೀಯದವಳಲ್ಲ. ಬೂಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಕಾರ್ಖಾನೆ ಮುಚ್ಚುವ ಕಾಲಕ್ಕೆ ಅವಳನ್ನು ಮೊದಲು ಮನೆಗೆ ಕಳಿಸಿದರು. ಇನ್ನೂ ಕೆಲಸ ಉಳಿದಿದ್ದ ಮೂವರು ಹೆಂಗಸರು ತಮ್ಮ ಮಕ್ಕಳನ್ನು ಹಗಲು ಹೊತ್ತು ಅವಳ ಅಡುಗೆಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಒಂದು ದಿನ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಅವಳ ಕಿಟಕಿಗಳ ಅಗಲ ಅಳೆದ, ಎರಡು ಇಂಚು ಕಡಿಮೆ ಎಂದ. ಪರವಾನಗಿ ಇಲ್ಲದೆ ಪರರ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಬರೆದುಕೊಟ್ಟು ಹೋದ. ಮಕ್ಕಳು ತಿರುಗಿ ಹೋದವು. ಆ ಮೂವರಲ್ಲಿ ಒಬ್ಬಳು ಮಗುವನ್ನು ನೋಡಿಕೊಳ್ಳಲು ಯಾರೂ ಸಿಗದೆ ಕೆಲಸ ಬಿಟ್ಟಳು. ಆ ತಾಯಿಯ ಮುಖ ತನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ ಎಂದು ವರ್ನಾ ನನ್ನ ಬಳಿ ಎಷ್ಟೋ ಸಲ ಹೇಳಿದ್ದಾಳೆ. ಮರುವಾರವೇ ಅವಳು ಊರಿನ ಗ್ರಂಥಾಲಯಕ್ಕೆ ಹೋಗಿ ರಾಜ್ಯದ ಕಾನೂನು ಪುಸ್ತಕ ಕೇಳಿದಳು. ಹೈಸ್ಕೂಲು ಮುಗಿಸದವಳು ಆ ಚಳಿಗಾಲವೆಲ್ಲ ಅದನ್ನು ಓದಿದಳು. ಜನರನ್ನು ಅವರ ಪಾಡಿಗೆ ಬಿಡಿ ಎನ್ನುವ ಲಿಬರ್ಟೇರಿಯನ್ ಪಕ್ಷದವರು ಆಗ ನಮ್ಮ ಜಿಲ್ಲೆಯಲ್ಲಿ ಏಳು ಜನರಿದ್ದರು. ವರ್ನಾ ಎಂಟನೆಯವಳಾದಳು.

ಕಸದ ಬಯಲಿನಲ್ಲಿ ಅವಳನ್ನು ಕೆಣಕದೆ ಹೋಗುವವರು ಕಡಿಮೆ. ಹಾಲಿನ ವ್ಯಾಪಾರಿ ಹರ್ಲನ್ ಪ್ರತಿ ಶನಿವಾರವೂ ಒಂದೇ ಮಾತು ಹೇಳುತ್ತಿದ್ದ.

"ವರ್ನಾ, ನಿಮ್ಮ ಪಾರ್ಟಿಗೆ ತಕ್ಕ ಜಾಗಾನೇ ಹುಡುಕಿದ್ದೀಯ ನೋಡು."

"ನಿಮ್ಮ ಎರಡು ಪಾರ್ಟಿಗಳು ಮಾಡಿಟ್ಟ ಕಸ ಎತ್ತಬೇಕಲ್ಲಪ್ಪ, ಅದಕ್ಕೇ ಇಲ್ಲಿದ್ದೀನಿ," ಎನ್ನುತ್ತಿದ್ದಳು ಅವಳು. "ಸಹಿ ಹಾಕು, ಬೆರಳು ಸವೆಯಲ್ಲ."

ಪ್ರತಿ ಚುನಾವಣೆಗೂ ಅವನು ಬೈದುಕೊಂಡೇ ಸಹಿ ಹಾಕುತ್ತಿದ್ದ.

ಸಹಿ ಏಕೆಂದರೆ, ನಮ್ಮ ರಾಜ್ಯದ ಕಾನೂನೇ ಹಾಗಿದೆ. ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳ ಹೆಸರು ಮತಪತ್ರದಲ್ಲಿ ತಾನಾಗಿ ಅಚ್ಚಾಗುತ್ತದೆ. ಸಣ್ಣ ಪಕ್ಷದವನು ರಾಜ್ಯದ ಶಾಸನಸಭೆಗೆ ನಿಲ್ಲಬೇಕಾದರೆ ತನ್ನ ಕ್ಷೇತ್ರದ ನೂರೈವತ್ತು ಮತದಾರರ ಸಹಿ ತಂದು ತೋರಿಸಬೇಕು. ಒಬ್ಬೊಬ್ಬರಿಗೂ ಒಂದೊಂದು ಪ್ರತ್ಯೇಕ ಹಾಳೆ. ಪ್ರತಿ ಹಾಳೆಯ ಕೆಳಗೂ, ಈ ಸಹಿ ನನ್ನ ಕಣ್ಣೆದುರು ಹಾಕಿದ್ದು ಎಂದು ಸಂಗ್ರಹಿಸಿದವರ ಸಹಿ ಇರಬೇಕು. ಹಾಗಿಲ್ಲದಿದ್ದರೆ ಆ ಹಾಳೆ ಇದ್ದೂ ಇಲ್ಲದಂತೆ.

ಈ ಸಲ ನಮ್ಮ ಕ್ಷೇತ್ರಕ್ಕೆ ಬಾವಿ ಕೊರೆಯುವ ಎಮೆಟ್ ರಸೀನ್ ನಿಲ್ಲುವುದೆಂದು ಆಗಿತ್ತು. ಗೆದ್ದರೆ ಮೊದಲು ಆ ಕಿಟಕಿಯ ಕಾನೂನನ್ನು ತೆಗೆಸುತ್ತೇನೆ ಎಂದು ಅವನು ವರ್ನಾಳಿಗೆ ಮಾತು ಕೊಟ್ಟಿದ್ದ. ಆದರೆ ಫೆಬ್ರವರಿಯಲ್ಲಿ ವರ್ನಾಳಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮಾತು ಉಳಿಯಿತಾದರೂ ನಿಧಾನವಾಯಿತು. ಈ ವರ್ಷ ಸಹಿ ಸಂಗ್ರಹಕ್ಕೆ ಬೇರೆ ಯಾರಾದರೂ ನಿಲ್ಲಲಿ ಎಂದು ನಾವೆಲ್ಲ ಹೇಳಿದೆವು. ಅವಳು ಮಕ್ಕಳು ಬರೆಯುವ ಗೆರೆಪುಸ್ತಕ ತರಿಸಿಕೊಂಡಳು. ಮಾರ್ಚ್, ಏಪ್ರಿಲ್ ಎರಡು ತಿಂಗಳು ಅಡುಗೆಮನೆಯ ಮೇಜಿನ ಮುಂದೆ ಕೂತು, ನಾಲಿಗೆ ಕಚ್ಚಿಕೊಂಡು, ಎಡಗೈಯಲ್ಲಿ ತನ್ನ ಹೆಸರು ಬರೆಯಲು ಕಲಿತಳು. ಮೊದಮೊದಲು ಒಂದು ಹೆಸರಿಗೆ ಒಂದು ಪುಟ ಸಾಲುತ್ತಿರಲಿಲ್ಲ. ಮೇ ತಿಂಗಳಿಗೆ ಗೆರೆಯ ಮೇಲೆ ನಿಂತಿತು, ಗಾಳಿಗೆ ವಾಲಿದ ಬೇಲಿಯ ಹಾಗೆ. ಆ ಬೇಸಿಗೆಯಲ್ಲಿ ಒಂಟಿಯಾಗಿ ನೂರ ಅರವತ್ತಮೂರು ಹಾಳೆ ಸೇರಿಸಿದಳು.

ಅವನ್ನು ಊರಿನ ಕಚೇರಿಗೆ ಕೊಟ್ಟು ಎರಡು ವಾರವಾಗಿತ್ತು. ಹಾಳೆ ಸಲ್ಲಿಸುವ ಕೊನೆಯ ದಿನಕ್ಕೆ ಒಂದೇ ದಿನ ಮುಂಚೆ, ಮಂಗಳವಾರ, ಅಂಚೆಯಲ್ಲಿ ಪತ್ರ ಬಂತು. ಸಂಗ್ರಾಹಕಿಯ ಸಹಿ ಮತದಾರರ ದಾಖಲೆಯಲ್ಲಿರುವ ಸಹಿಗೆ ಹೊಂದುವುದಿಲ್ಲವಾದ್ದರಿಂದ ಎಲ್ಲ ಹಾಳೆಗಳನ್ನೂ ತಿರಸ್ಕರಿಸಲಾಗಿದೆ. ಕೆಳಗೆ ಊರಿನ ಗುಮಾಸ್ತೆ ಗ್ಲೆಂಡಾ ವಿಟ್ಕಮ್‌ಳ ಹೆಸರು.

ಗ್ಲೆಂಡಾ ಯಾರೋ ಹೊರಗಿನವಳಾಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಚರ್ಚಿನಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಕೂರುವವಳು ಅವಳು. ಅವಳ ಮಗಳ ಮದುವೆಯ ಉಡುಪನ್ನು ಎರಡು ಸಲ ಬಿಚ್ಚಿ ಹೊಲಿದುಕೊಟ್ಟವಳು ವರ್ನಾ. ಫೆಬ್ರವರಿಯಲ್ಲಿ ಆಸ್ಪತ್ರೆಗೆ ಚೀಸು ಹಾಕಿ ಬೇಯಿಸಿದ ಮ್ಯಾಕರೋನಿ ತಂದವಳು ಗ್ಲೆಂಡಾ. ಹೊದಿಕೆಯ ಮೇಲೆ ಬಿದ್ದಿದ್ದ ಆ ಬಲಗೈಯನ್ನು ಹಿಡಿದು ಅತ್ತವಳೂ ಅವಳೇ.

ನಮ್ಮ ಕಚೇರಿ ತೆರೆಯುವುದು ಸೋಮವಾರ ಮತ್ತು ಬುಧವಾರ, ಮಧ್ಯಾಹ್ನ ಒಂದರಿಂದ ಐದರವರೆಗೆ. ಬುಧವಾರ ಒಂದು ಗಂಟೆಗೆ ನಾನು ವರ್ನಾಳನ್ನು ಕರೆದುಕೊಂಡು ಹೋದೆ.

ಗ್ಲೆಂಡಾ ತಲೆಯೆತ್ತದೆ, ತಾನೇನೂ ಮಾಡುವ ಹಾಗಿಲ್ಲ, ನಿಯಮ ರಾಜಧಾನಿಯಿಂದ ಬಂದದ್ದು ಎಂದಳು. ಹಳೆಯ ಸಹಿ ಮತ್ತು ಹೊಸ ಸಹಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದಳು.

"ನನ್ನ ಮುಖ ನೋಡು ಗ್ಲೆಂಡಾ," ಎಂದಳು ವರ್ನಾ. "ನಾನು ಯಾರು?"

"ಅದು ನಂಗೊತ್ತಿಲ್ವೇನೇ? ಆದ್ರೆ ಕಾಗದಕ್ಕೆ ಗೊತ್ತಾಗಬೇಕಲ್ಲ."

"ಕಾಗದ ನನಗೆ ಮ್ಯಾಕರೋನಿ ತಂದುಕೊಟ್ಟಿರಲಿಲ್ಲ."

ಗ್ಲೆಂಡಾಳ ಕೊರಳು ಕೆಂಪಾಯಿತು. ಒಂದು ದಾರಿ ಇದೆ ಎಂದಳು: ಗುರುತಿನ ಚೀಟಿ ತೋರಿಸಿ, ತನ್ನ ಎದುರಿಗೇ ಪ್ರತಿ ಹಾಳೆಗೂ ಮತ್ತೊಮ್ಮೆ ಸಹಿ ಹಾಕಿದರೆ ಒಪ್ಪಬಹುದು. ಹೆಸರು, ವಿಳಾಸ, ತಾರೀಖು, ಎಲ್ಲ. ಐದು ಗಂಟೆಯೊಳಗೆ.

ವರ್ನಾ ಕುರ್ಚಿ ಎಳೆದುಕೊಂಡಳು. ನಾನು ಒಂದೊಂದೇ ಹಾಳೆಯನ್ನು ಮುಂದಿಟ್ಟು, ಜಾರದಂತೆ ಹಿಡಿದುಕೊಂಡೆ. ಒಂದು ಹಾಳೆಗೆ ಒಂದೂವರೆ ನಿಮಿಷದ ಹತ್ತಿರ ಹಿಡಿಯುತ್ತಿತ್ತು. ನಡುವೆ ನಾಯಿಗೆ ಲೈಸೆನ್ಸ್ ಮಾಡಿಸುವವರು ಬಂದರು, ಗಾಡಿಯ ನೋಂದಣಿಯವರು ಬಂದರು. ಗ್ಲೆಂಡಾ ಅತ್ತ ತಿರುಗಿದಾಗಲೆಲ್ಲ ವರ್ನಾ ಪೆನ್ನು ಎತ್ತಿಹಿಡಿದು ಕಾಯಬೇಕಾಗಿತ್ತು. ಗುಮಾಸ್ತೆಯ ಕಣ್ಣು ಇಲ್ಲದ ಹೊತ್ತಿನಲ್ಲಿ ಹಾಕಿದ ಸಹಿ ಲೆಕ್ಕಕ್ಕಿಲ್ಲ. ನಾಲ್ಕು ಗಂಟೆಗೆ ಅವಳ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯತೊಡಗಿದವು. ನೀರು ಬೇಡ ಎಂದಳು, ನಿಲ್ಲಿಸುವುದೂ ಬೇಡ ಎಂದಳು. ನಾನು ಒಳಗೊಳಗೇ ಬೈಬಲಿನ ಕೀರ್ತನೆಯ ಸಾಲು ಹೇಳಿಕೊಳ್ಳುತ್ತಿದ್ದೆ, ದೇವರೇ, ಈ ಕೈಯನ್ನು ಹಿಡಿದುಕೋ ಎಂದು. ಗೋಡೆಯ ಗಡಿಯಾರ ಮಾತ್ರ ಯಾರ ಪ್ರಾರ್ಥನೆಯನ್ನೂ ಕೇಳಲಿಲ್ಲ. ಐದಾದಾಗ ನೂರ ಇಪ್ಪತ್ತೊಂದು ಹಾಳೆ ಆಗಿತ್ತು, ಬೇಕಿದ್ದದ್ದು ನೂರೈವತ್ತು.

ಗ್ಲೆಂಡಾ ಕೌಂಟರಿನ ಅಡ್ಡಬಾಗಿಲನ್ನು ಇಳಿಸಿದಳು. "ನಿಯಮ ಕಣೇ," ಎಂದಳು, ಅದರ ಆಚೆಯಿಂದ.

ನೆರೆಯವರನ್ನು ಕ್ಷಮಿಸುತ್ತೇವೆ ಎಂದು ಪ್ರತಿ ಭಾನುವಾರ ಹೇಳುವ ನನ್ನ ಬಾಯಿಗೆ ಆ ಸಂಜೆ ಬಂದ ಮಾತನ್ನು ಇಲ್ಲಿ ಬರೆಯಲಾರೆ. ಕಳ್ಳಸಹಿ ತಡೆಯಲು ಮಾಡಿದ ನಿಯಮವಂತೆ ಅದು. ಸಾಯುವ ಹಾಸಿಗೆಯಿಂದ ಎದ್ದು ತನ್ನ ಹೆಸರನ್ನು ಮತ್ತೆ ಮೊದಲಿನಿಂದ ಕಲಿತ ಹೆಂಗಸನ್ನು ಕಳ್ಳಿಯ ಸಾಲಿನಲ್ಲಿ ನಿಲ್ಲಿಸಿದರು. ದೊಡ್ಡ ಪಕ್ಷದ ಯಾವನೂ ಒಂದು ಸಹಿಯನ್ನೂ ತರಬೇಕಾಗಿರಲಿಲ್ಲ.

ಎಮೆಟ್‌ನ ಹೆಸರಿಲ್ಲದ ಮತಪತ್ರ ಅಚ್ಚಾಯಿತು. ಆದರೂ ಪ್ರತಿ ಸ್ಥಾನದ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ. ಅಚ್ಚಾಗದ ಹೆಸರನ್ನು ಮತದಾರರು ಅಲ್ಲಿ ಕೈಯಿಂದ ಬರೆಯಬಹುದು. ಅಕ್ಟೋಬರಿನ ಎಲ್ಲ ಶನಿವಾರಗಳಲ್ಲೂ ವರ್ನಾ ಬಾಟಲಿ ತೊಟ್ಟಿಯ ಪಕ್ಕ ನಿಂತು ಆ ಗೆರೆಯ ಬಗ್ಗೆ ಹೇಳಿದಳು.

ನಮ್ಮೂರಿನಲ್ಲಿ ಮತಗಳನ್ನು ಇನ್ನೂ ಕೈಯಿಂದಲೇ ಎಣಿಸುತ್ತಾರೆ. ಚುನಾವಣೆಯ ಸಂಜೆ ಸಭಾಭವನದಲ್ಲಿ ಹಗ್ಗ ಕಟ್ಟುತ್ತಾರೆ. ಯಾರು ಬೇಕಾದರೂ ಹಗ್ಗದ ಈಚೆ ಕೂತು ನೋಡಬಹುದು. ನಾನೂ ವರ್ನಾಳೂ ಮೊದಲ ಸಾಲಿನಲ್ಲಿದ್ದೆವು. ಕೈಬರಹದ ಹೆಸರುಗಳನ್ನು ಹೊಸದಾಗಿ ಬಂದ ಶಾಲೆಯ ಮೇಷ್ಟ್ರು ಜೋರಾಗಿ ಓದುತ್ತಿದ್ದ, ಗ್ಲೆಂಡಾ ಪಟ್ಟಿಯಲ್ಲಿ ಲೆಕ್ಕದ ಗೆರೆ ಎಳೆಯುತ್ತಿದ್ದಳು. ಎಮೆಟ್‌ನ ಹೆಸರು ಆಗಾಗ ಬರುತ್ತಿತ್ತು. ಒಂದು ಮತಪತ್ರದ ಮುಂದೆ ಮೇಷ್ಟ್ರು ನಿಂತ. ಅದನ್ನು ಹಿಂದೆ ಮುಂದೆ ತಿರುಗಿಸಿದ. ಇದೇನೋ ಓದೋಕಾಗ್ತಿಲ್ಲ, ಪಕ್ಕಕ್ಕಿಡಲೇ ಎಂದು ಕೇಳಿದ.

ಗ್ಲೆಂಡಾ ಕೈಚಾಚಿ ತೆಗೆದುಕೊಂಡಳು. ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ಎಮೆಟ್ ರಸೀನ್," ಎಂದಳು. "ಇದು ವರ್ನಾಳ ಕೈಬರಹ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಭವನದಲ್ಲಿ ನಲವತ್ತು ಜನರಿದ್ದರು. ಎಲ್ಲರಿಗೂ ಆ ಬುಧವಾರದ ಕಥೆ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಹರ್ಲನ್ ಕೆಮ್ಮಿದ.

ವರ್ನಾ ಹಗ್ಗ ಹಿಡಿದು ಎದ್ದು ನಿಂತಳು.

"ಹೌದು, ನಂದೇ," ಎಂದಳು, ಒಂದೊಂದೇ ಮಾತಾಗಿ. "ಈಗ ಹೇಳಿದ್ದನ್ನ ಒಂದು ಕಾಗದದಲ್ಲಿ ಬರೆದುಕೊಡು ಗ್ಲೆಂಡಾ. ರಾಜಧಾನಿಗೆ ಕಳಿಸ್ತೀನಿ."

ಗ್ಲೆಂಡಾಳ ಕೈಯಲ್ಲಿ ಪೆನ್ನು ಇತ್ತು. ಅವಳು ಪಟ್ಟಿಯಲ್ಲಿ ಒಂದು ಗೆರೆ ಎಳೆದು, ಮುಂದಿನದು ಎಂದಳು.

ಎಮೆಟ್ ಸೋತ. ಕೈಯಿಂದ ಬರೆದ ಹೆಸರು ಗೆಲ್ಲುವುದು ಎಲ್ಲಿಂದ ಬರಬೇಕು?

ಆ ಶನಿವಾರ ಮೊದಲ ಹಿಮ ಬಿದ್ದಿತ್ತು. ವರ್ನಾ ಬಾಟಲಿ ತೊಟ್ಟಿಯ ಪಕ್ಕ, ತನ್ನ ಜಾಗದಲ್ಲೇ ಇದ್ದಳು, ಹೊಸ ಮನವಿಯ ಹಾಳೆ ಹಿಡಿದು: ಸಹಿ ಹೋಲಿಸುವ ನಿಯಮವನ್ನು ತೆಗೆಯಿರಿ ಎಂದು ಶಾಸನಸಭೆಗೆ. ಹನ್ನೊಂದರ ಹೊತ್ತಿಗೆ ಗ್ಲೆಂಡಾಳ ಗಾಡಿ ಬಂತು. ಅವಳು ಎರಡು ಚೀಲ ಎಸೆದಳು, ಬಾಟಲಿಗಳನ್ನು ಸೀಟಿನಲ್ಲೇ ಬಿಟ್ಟು, ನಮ್ಮ ಕಡೆ ತಿರುಗದೆ ಹೊರಟುಹೋದಳು.

ನನಗೆ ತಡೆಯಲಾಗಲಿಲ್ಲ. ಅವಳಿಗೆ ನಿನ್ನ ಮುಖ ನೋಡುವ ಯೋಗ್ಯತೆಯೂ ಇಲ್ಲ ಎಂದುಬಿಟ್ಟೆ.

ವರ್ನಾ ಎಡಗೈಯಿಂದ ಹಾಳೆಯ ಮೇಲಿನ ಹಿಮ ಒರೆಸಿದಳು.

"ಬರ್ತಾಳೆ ಬಿಡು," ಎಂದಳು. "ಕಸ ವಾರವಾರವೂ ಆಗುತ್ತೆ."