ಕತ್ತರಿಸಿದ ಫೋಟೋದ ಇನ್ನೊಂದು ತುಂಡು

ಮಕ್ಕಳೇ, ಭಾತಂಬ್ರಾದ ನಮ್ಮ ಹಳೆಯ ಮನೆಯನ್ನು ನೀವು ನೋಡಿಲ್ಲ. ರಸ್ತೆ ಅಗಲ ಮಾಡುವಾಗ ಅದು ಹೋಯಿತು. ಉಳಿದದ್ದು ಒಂದೇ ಫೋಟೋ, ಆ ಮನೆಯ ಮುಂದೆ ನಿಮ್ಮ ಅಜ್ಜ ನಿಂತದ್ದು. ಬೀದರಿನ ಮನೆಯ ಗೋಡೆಯ ಮೇಲೆ ಹಾರ ಹಾಕಿ ತೂಗುಹಾಕಿದ್ದು ಅದನ್ನೇ.

ಸಿನಿಮಾ ಗ್ರಾಫಿಕ್ಸ್ ಕಲಿಯುವ ನಿಮ್ಮ ದೊಡ್ಡಕ್ಕ ಆ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ಸೋಮವಾರ ಪರೀಕ್ಷೆಗೆ ತೋರಿಸಬೇಕಿತ್ತು. ಫೋಟೋ ತೆಗೆದವನು ಎಲ್ಲಿದ್ದನೋ ಅಲ್ಲೇ ಅವಳ ಕಂಪ್ಯೂಟರ್ ಕ್ಯಾಮೆರಾವೂ ನಿಲ್ಲಬೇಕಂತೆ. ಗೋಡೆ, ಕಟ್ಟೆಗಳ ಅಂಚಿನ ಮೇಲೆ ಗೆರೆ ಎಳೆದು, ಅವು ದೂರದಲ್ಲಿ ಕೂಡುವ ಬಿಂದು ನೋಡಿ, ಕ್ಯಾಮೆರಾ ಇದ್ದ ಜಾಗ ಹುಡುಕುತ್ತಾರೆ. ಮೂರು ದಿನ ಹುಡುಕಿದಳು. ಕಂಪ್ಯೂಟರಿನ ಬಾಗಿಲು ಫೋಟೋದ ಬಾಗಿಲಿಗೆ ಕೂಡಿದರೆ ಕಟ್ಟೆ ಆಚೆ ಹೋಗುತ್ತಿತ್ತು. ಕೊನೆಗೆ ಈ ಅಜ್ಜಿಯನ್ನೇ ಕೇಳಿದಳು:

"ಆಯಿ, ನಿಮ್ಮ ಮನೀನೇ ಸೊಟ್ಟ ಇತ್ತೇನು?"

"ನಿಮ್ಮಜ್ಜ ದಾರ ಹಿಡಿದು ಕಟ್ಟಿಸ್ಯಾರ. ಸೊಟ್ಟ ಇರೋದು ನಿನ್ನ ಡಬ್ಬಿ."

ಅವಳು ನಕ್ಕು ಹೇಳಿದಳು, "ಕ್ಯಾಮೆರಾದ ಕಣ್ಣು ಫೋಟೋದ ನಟ್ಟನಡುವ ಇರ್ತದ. ಇಲ್ಲಿ ನಡು ಅಂದ್ರ ಅಜ್ಜನ ಎದಿ. ಅಲ್ಲಿಂದಲೇ ಲೆಕ್ಕ."

ಅದು ನಡು ಅಲ್ಲ ಎಂದು ಈಗ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ನಿಮ್ಮಜ್ಜ ತೀರಿದಾಗ, ಬದುಕಿದ್ದವರ ಫೋಟೋಕ್ಕೆ ಹಾರ ಹಾಕಬಾರದು ಎಂದು ಹಿರಿಯರು ಹೇಳಿದರು. ಆ ಫೋಟೋದಲ್ಲಿ ಅವರ ಪಕ್ಕದಲ್ಲಿ ನಾನಿದ್ದೆ. ನನ್ನ ಮೈದುನ ಕತ್ತರಿಯಿಂದ ನನ್ನ ಭಾಗ ತೆಗೆದು, ಉಳಿದದ್ದಕ್ಕೆ ಕಟ್ಟು ಹಾಕಿಸಲು ಭಾಲ್ಕಿಗೆ ಹೋದರು. ನೆಲಕ್ಕೆ ಬಿದ್ದ ತುಂಡನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಯಾರಿಗೂ ತೋರಿಸಿರಲಿಲ್ಲ. ಅದರಲ್ಲಿ ನಾನು ಕ್ಯಾಮೆರಾದ ಕಡೆ ನೋಡಿಲ್ಲ, ನಿಮ್ಮಜ್ಜನ ಮುಖ ನೋಡಿ ನಗುತ್ತಿದ್ದೇನೆ. ಆ ಕಾಲಕ್ಕೆ ಅತ್ತೆ ಮಾವನ ಎದುರಿಗೆ!

ತೋರಿಸದಿದ್ದರೆ ಹುಡುಗಿಯ ಪರೀಕ್ಷೆ ಹೋಗುತ್ತಿತ್ತು. ತಂದು ಅವಳ ಕೈಗಿಟ್ಟು ಅಡುಗೆಮನೆಗೆ ಹೋದೆ. ಅವಳು ಬೆನ್ನು ಹತ್ತಿ ಬಂದಳು.

"ಆಯಿ, ಏನಿದು, ಅಜ್ಜನ್ನೇ ನೋಡ್ಲತ್ತಿ?"

"ಚಾ ಕುಡಿ. ಕೆಲಸ ನೋಡು."

ಎರಡೂ ತುಂಡು ಕೂಡಿಸಿದಳು. ಈಗ ನಡು ನಮ್ಮಿಬ್ಬರ ನಡುವಿನ ಬಾಗಿಲ ಚಿಲಕಕ್ಕೆ ಬಂತು. ಮತ್ತೆ ಗೆರೆ ಎಳೆದಳು. ಕಂಪ್ಯೂಟರಿನ ಗೋಡೆ ಸರ್ರನೆ ಸರಿದು ಫೋಟೋದ ಗೋಡೆಯ ಮೇಲೆ ಕೂತಿತು. ಕಟ್ಟೆಯೂ ಕೂತಿತು, ಮೂರು ಮೆಟ್ಟಿಲೂ ಕೂತವು. ನಾನು ಕನ್ನಡಕ ಒರೆಸಿ ಒರೆಸಿ ನೋಡಿದೆ.

ಬಾಗಿಲ ಎತ್ತರ ನನಗೆ ನೆನಪಿತ್ತು, ಹೇಳಿದೆ. ಅವಳು ಅಳತೆ ಹಾಕಿ ಹುಬ್ಬು ಗಂಟಿಕ್ಕಿದಳು. "ಕ್ಯಾಮೆರಾ ಸೊಂಟದೆತ್ತರಕ್ಕ ಅದ. ಮತ್ತ ತಪ್ಪಾಯ್ತೇನು?"

"ಖರೇ ಅದ! ಫೋಟೋ ತೆಗೆಯೋಂವ ಒರಳಕಲ್ಲಿನ ಬಾಜೂಕ ಕುಕ್ಕರಗಾಲಲ್ಲಿ ಕೂತಿದ್ದ. ಅದನ್ನ ನೋಡೇ ನಾನು ನಿಮ್ಮಜ್ಜನ ಕಡೆ ಹೊಳ್ಳಿ ನಕ್ಕಿದ್ದು."

ನಾನು ಎಂದೂ ಬಾಯಿ ಬಿಟ್ಟು ಹೇಳದ ಮಾತನ್ನು ಗೆರೆಗಳು ಹೇಳಿಬಿಟ್ಟವು. ಅವಳು ಕ್ಯಾಮೆರಾ ಸ್ವಲ್ಪ ಬಲಕ್ಕೆ ಸರಿಸಿದಳು, ಫೋಟೋದಲ್ಲಿ ಅರ್ಧವೇ ಕಾಣುತ್ತಿದ್ದ ಪಕ್ಕದ ಗೋಡೆ ಪೂರ್ತಿ ಕಂಡಿತು. "ಅಲ್ಲಿ ಕಿಟಕಿ ಇತ್ತು, ಮಾಡು," ಎಂದೆ. ಮಾಡಿದಳು.

"ಸೋಮವಾರ ತೋರಿಸುವಾಗ ನಿನ್ನ ಕತ್ತರಿಸಲೇನು?" ಎಂದು ಕಾಡಿದಳು.

"ಕತ್ತರಿಸಿದ್ರ ಮನಿ ಸೊಟ್ಟ ಆಗ್ತದ," ಎಂದೆ.

ಅವಳು ಪಾಸಾದಳು. ಗೋಡೆಯ ಮೇಲೆ ಈಗ ಇಡೀ ಫೋಟೋ ಇದೆ. ನಾನಿನ್ನೂ ಬದುಕಿದ್ದೇನಲ್ಲ, ಹಾರ ತೆಗೆದಿದ್ದೇವೆ.