ಹತ್ತು ಜನರ ಫುಟ್‌ಬಾಲ್ ಟೀಮು

"ಒಂದು ಫುಟ್‌ಬಾಲ್ ಟೀಮಿನಲ್ಲಿ ಎಷ್ಟು ಜನ ಆಡುತ್ತಾರೆ?"

ಕೇಳಿದವಳು ನಾನು. ಎದುರಿಗೆ ಕೂತವರು ಖಾಜಾ ಸರ್. ಮಾನ್ವಿಯ ಒಂದು ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಹುಡುಗಿಯರ ಫುಟ್‌ಬಾಲ್ ಟೀಮಿಗೆ ಕೋಚ್.

ಖಾಜಾ ಸರ್ ತಲೆಯ ಮೇಲಿನ ಫ್ಯಾನ್ ನೋಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಹೇಳಿದರು, "ಹತ್ತು ಮಂದಿ ರೀ ಮೇಡಂ."

ನನಗೇ ಗಾಬರಿಯಾಯಿತು. ನನಗೂ ಆಟಕ್ಕೂ ಎಷ್ಟು ದೂರ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಶಾಲೆಯಲ್ಲಿ ಖೋಖೋ ಆಡಿಸಿದರೆ ಕೂತಲ್ಲೇ ಕೂತಿರುವ ಪಾಳಿ ಬರಲಿ ಎಂದು ಹಾರೈಸುತ್ತಿದ್ದವಳು ನಾನು.) ಅಂಥ ನನಗೂ ಹನ್ನೊಂದು ಎಂದು ಗೊತ್ತು. ಇವರಿಗೆ ಗೊತ್ತಿಲ್ಲವೇ?

"ಗೋಲ್‌ಕೀಪರ್ ಬಿಟ್ಟು ಹತ್ತು ಅಲ್ಲವಾ ಸರ್?" ಎಂದೆ, ದಾರಿ ಮಾಡಿಕೊಡುವ ಹಾಗೆ.

"ಗೋಲ್‌ಕೀಪರ್ ಹಿಡಿದೇ ಹತ್ತು ರೀ" ಎಂದರು, ದಾರಿ ಮುಚ್ಚುವ ಹಾಗೆ.

ನಾನು ಅಲ್ಲಿ ಹೇಗೆ ಸಿಕ್ಕಿಬಿದ್ದೆ ಎಂದು ಹೇಳಿಬಿಡುತ್ತೇನೆ. ಆ ಕಾಲೇಜಿನಲ್ಲಿ ಕೋಚ್ ಹುದ್ದೆ ಎಂದರೆ ಅತಿಥಿ ಹುದ್ದೆ. ವರ್ಷಕ್ಕೊಮ್ಮೆ ಮುಗಿಯುತ್ತದೆ, ವರ್ಷಕ್ಕೊಮ್ಮೆ ಮತ್ತೆ ಸಂದರ್ಶನ. ಅಂದರೆ ಖಾಜಾ ಸರ್ ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ತಮ್ಮದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಈ ಸಲ ಅವರ ಜೊತೆ ಇನ್ನೊಂದು ಅರ್ಜಿ ಬಂದಿತ್ತು, ಒಬ್ಬ ಹೆಣ್ಣುಮಗಳದು. ಹೆಣ್ಣುಮಗಳು ಬಂದರೆ ಸಮಿತಿಯಲ್ಲೂ ಒಬ್ಬ ಹೆಂಗಸು ಇರಬೇಕು ಎಂಬುದು ಅವರ ನಿಯಮ. ಹಾಗಾಗಿ ರಾಯಚೂರಿನಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ಕರೆಸಿದ್ದರು. ಕಾರು ಕಳಿಸುತ್ತೇವೆ ಅಂದಿದ್ದರು, ಬಸ್ಸಿನಲ್ಲೇ ಹೋದೆ. (ಕಾರು ಯಾಕೆ ಬರಲಿಲ್ಲ ಎಂಬುದು ಬೇರೆಯೇ ಅಂಕಣ.)

ಸಮಿತಿಯಲ್ಲಿ ಮೂವರು. ಪ್ರಿನ್ಸಿಪಾಲರು, ಆಟೋಟದ ವಿಷಯದಲ್ಲಿ ತಜ್ಞರೆನಿಸಿದ ಒಬ್ಬ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು, ಮತ್ತು ನಾನು. ಬಸ್ಸಿನಲ್ಲಿ ಬರುವಾಗಲೇ ಮೊಬೈಲ್‌ನಲ್ಲಿ ಹುಡುಕಿ ಆರು ಪ್ರಶ್ನೆ ಬರೆದುಕೊಂಡಿದ್ದೆ. ಸುಲಭದ್ದು ಮೂರು, ಕಷ್ಟದ್ದು ಮೂರು.

ಇಬ್ಬರ ಅರ್ಜಿ ಓದಿದ ಮೇಲೆ ನನ್ನ ಮನಸ್ಸು ಒಂದು ಕಡೆ ವಾಲಿತು ಎಂದು ಒಪ್ಪಿಕೊಳ್ಳುತ್ತೇನೆ. ಖಾಜಾ ಸರ್‌ಗೆ ಐವತ್ತು ದಾಟಿದೆ. ಆ ಹುಡುಗಿ ರೇಣುಕಾ, ಮಲ್ಲಟದವಳು, ಅವರದೇ ಶಿಷ್ಯೆ. ಅವರ ಕೈಯಲ್ಲೇ ಆಟ ಕಲಿತು, ಆಮೇಲೆ ಅವರಿಗಿಂತ ದೊಡ್ಡ ಡಿಗ್ರಿ ಮಾಡಿಕೊಂಡು ಬಂದು, ಈಗ ಅವರ ಹುದ್ದೆಗೇ ಅರ್ಜಿ! ನನ್ನ ಪಿತ್ತ ನೆತ್ತಿಗೇರಿತು. ಸುಲಭದ ಮೂರು ಪ್ರಶ್ನೆ ಗುರುವಿಗೆ, ಕಷ್ಟದ ಮೂರು ಶಿಷ್ಯೆಗೆ ಎಂದು ಅಲ್ಲೇ ತೀರ್ಮಾನಿಸಿದೆ. ಅನ್ಯಾಯ ಅಂತೀರಾ? ಹೌದು, ಅನ್ಯಾಯವೇ.

ಆದರೆ ಗುರುವಿಗೆ ಸುಲಭದ ಪ್ರಶ್ನೆಯೂ ದಕ್ಕಲಿಲ್ಲ. ತಜ್ಞರು ಆಫ್‌ಸೈಡ್ ಎಂದರೇನು ಎಂದು ಕೇಳಿದರು. "ಬಾಲ್ ಗೀಟು ದಾಟಿ ಹೊರಗ ಹೋದ್ರ ಆಫ್‌ಸೈಡ್ ರೀ" ಎಂದರು ಖಾಜಾ ಸರ್. ಎರಡನೇ ಸಲ ಹಳದಿ ಕಾರ್ಡ್ ತೋರಿಸಿದರೆ ಏನಾಗುತ್ತದೆ ಎಂದು ಕೇಳಿದೆ. "ಬುದ್ಧಿ ಹೇಳಿ ಬಿಡ್ತಾರ್ರೀ." ಪ್ರಿನ್ಸಿಪಾಲರು ತಲೆ ಮೇಲೆತ್ತಲೇ ಇಲ್ಲ. ತಜ್ಞರು ಪೆನ್ನಿನ ಕ್ಯಾಪ್ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು.

ಖಾಜಾ ಸರ್ ಎದ್ದು ನಮಸ್ಕಾರ ಮಾಡಿ ಹೊರಟರು. ಪಾಪ, ಅಂಜಿಕೊಂಡು ಎಲ್ಲ ಮರೆತಿದ್ದಾರೆ ಎಂದುಕೊಂಡೆ.

ಆಮೇಲೆ ರೇಣುಕಾ ಬಂದಳು. ಗಟ್ಟಿ ಹುಡುಗಿ. ನನ್ನ ಕಷ್ಟದ ಮೂರೂ ಪ್ರಶ್ನೆಗಳಿಗೆ ಪಟಪಟ ಉತ್ತರ ಹೇಳಿದಳು. ಎರಡನೆಯ ಪ್ರಶ್ನೆಯೇ ತಪ್ಪಾಗಿದೆ, ಆ ನಿಯಮ ಈಗ ಬದಲಾಗಿದೆ ಎಂದು ಮೆಲ್ಲಗೆ ತಿದ್ದಿದಳು ಕೂಡ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಕಲಿಸಿದ ಗುರುವಿನ ಅನ್ನಕ್ಕೇ ಕೈ ಹಾಕುತ್ತಿದ್ದೀಯಲ್ಲಮ್ಮ, ಇದು ಸರಿಯಾ?"

ಹುಡುಗಿಯ ಮುಖ ಬಿಳುಚಿತು. ಬಾಗಿಲ ಕಡೆ ನೋಡಿದಳು. "ನಾ ಒಲ್ಲೆ ಅಂತ ಭಾಳ ಹೇಳಿದ್ನಿ ರೀ ಮೇಡಂ. ಅರ್ಜಿ ತುಂಬಿದವರೇ ಸರ್ ಅದಾರ. ಯಾಕಂತ ಅವರನ್ನೇ ಕೇಳ್ರಿ."

ಟೀ ವಿರಾಮ ಎಂದು ಪ್ರಿನ್ಸಿಪಾಲರು ಘೋಷಿಸಿದರು. ನಾನು ಕೇಳೇ ಬಿಡೋಣ ಎಂದು ಟೀ ಕಪ್ಪು ಹಿಡಿದೇ ಹೊರಗೆ ಬಂದೆ. ಕಾಲೇಜಿನ ಹಿಂದೆ ನೀರಿನ ಟ್ಯಾಂಕಿನ ನೆರಳಲ್ಲಿ ಖಾಜಾ ಸರ್ ನನಗೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಹೆಂಡತಿಯ ಜೊತೆ ಎಂದು ಗೊತ್ತಾಯಿತು. ರಾಯಚೂರಿನಲ್ಲಿ ಹುಟ್ಟಿ ಬೆಳೆದವರಿಗೆ ದಖನಿ ಉರ್ದು ಕಿವಿಗೆ ಬಿದ್ದರೆ ಕನ್ನಡದಷ್ಟೇ ಸಲೀಸು.

"ಫೇಲ್ ಹೋಗ್ಯಾ ಮೈ! ಹೌ, ಪೂರಾ ಫೇಲ್!" ಎನ್ನುತ್ತಿದ್ದರು. ಅವರ ದನಿಯಲ್ಲಿದ್ದದ್ದು ಹಬ್ಬದ ಖುಷಿ.

ಫೇಲಾಗಿದ್ದಕ್ಕೆ ಇಷ್ಟು ಖುಷಿಪಡುವ ಮನುಷ್ಯನನ್ನು ನಾನಂತೂ ಮೊದಲ ಸಲ ನೋಡಿದ್ದು. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ, ನನ್ನ ಮಾತು ನಂಬಿ.

ತಿರುಗಿ ನನ್ನನ್ನು ನೋಡಿದರು. ಫೋನು ಜೇಬಿಗಿಳಿಯಿತು. ಕಳ್ಳ ಸಿಕ್ಕಿಬಿದ್ದಿದ್ದ.

"ಸರ್, ಟೀಮಿನಲ್ಲಿ ಎಷ್ಟು ಜನ?" ಎಂದೆ.

"ಹನ್ನೊಂದು ರೀ" ಎಂದು ನೆಲ ನೋಡಿದರು.

ಆಮೇಲೆ ಎಲ್ಲ ಹೇಳಿದರು. ಒಬ್ಬರೇ ಅಭ್ಯರ್ಥಿ ಬಂದರೆ ಆ ಕಾಲೇಜಿನಲ್ಲಿ ಸಂದರ್ಶನ ನಡೆಸುವಂತಿಲ್ಲ. ಕನಿಷ್ಠ ಇಬ್ಬರಿರಬೇಕು. ಮಾನ್ವಿಯಲ್ಲಿ ಫುಟ್‌ಬಾಲ್ ಕೋಚ್ ಆಗಲು ಯಾರು ಸಾಲುಗಟ್ಟಿ ನಿಂತಿದ್ದಾರೆ? ಅದಕ್ಕೆ ಪ್ರತಿ ವರ್ಷ ಕವಿತಾಳದಿಂದ ಅವರ ಗೆಳೆಯರೊಬ್ಬರು ಬರುತ್ತಿದ್ದರಂತೆ. ಅರ್ಜಿ ಹಾಕುವುದು, ಸಂದರ್ಶನದಲ್ಲಿ ತಪ್ಪು ತಪ್ಪು ಹೇಳುವುದು, ಖಾಜಾ ಸರ್ ಮನೆಯಲ್ಲಿ ಉಂಡು ಸಂಜೆ ಬಸ್ಸಿಗೆ ವಾಪಸ್ ಹೋಗುವುದು. ಅದೊಂದು ವಾಡಿಕೆಯೇ ಆಗಿಬಿಟ್ಟಿತ್ತು.

"ಹನ್ನೊಂದು ವರ್ಷ ನನ್ನ ದೋಸ್ತ್ ನನ್ನ ಸಲುವಾಗಿ ಬಂದು ಫೇಲ್ ಆದ. ಈ ವರ್ಷ ರೇಣುಕಾನ ಸಲುವಾಗಿ ನನ್ನ ಪಾಳಿ ರೀ" ಎಂದು ನಕ್ಕರು.

"ಸುಮ್ಮನೆ ಪಾಸಾಗಿ, ಆಮೇಲೆ ಕೆಲಸ ಬಿಡಬಹುದಿತ್ತಲ್ಲ?"

"ಬಿಟ್ರ ಮತ್ತ ಹೊಸಾ ಜಾಹೀರಾತು ಹಾಕ್ತಾರ್ರೀ. ಅಷ್ಟರಾಗ ದಸರಾ ಮುಗೀತದ, ಟೂರ್ನಮೆಂಟೂ ಮುಗೀತದ. ಹುಡುಗ್ಯಾರ ಒಂದು ವರ್ಷ ನೀರಾಗ ಹೋಗ್ತದ. ಚೊಲೋ ಹೇಳಿದ್ರ ನನ್ನ ಹನ್ನೆರಡು ವರ್ಷದ ಅನುಭವದ ಮಾರ್ಕ್ಸ್ ಆಕೀನ ಹೊಡದು ಹಾಕ್ತಾವ. ಇಂಟರ್‌ವ್ಯೂದಾಗ ಬೀಳೋದು ಒಂದೇ ದಾರಿ ಇತ್ತು."

"ಆದರೂ ಯಾಕೆ ಸರ್? ನಿಮ್ಮ ಟೀಮು ಚೆನ್ನಾಗಿಯೇ ಆಡುತ್ತದೆ ಅಂತಾರಲ್ಲ?"

ಖಾಜಾ ಸರ್ ಹೇಳಲೋ ಬೇಡವೋ ಎಂದು ನನ್ನನ್ನೊಮ್ಮೆ ನೋಡಿದರು.

"ಎದಿ ಮಟ್ಟಕ್ಕ ಬಂದ ಬಾಲ್ ಎದೀಲೇ ತಡೆದು, ಕಾಲಿಗೆ ಇಳಿಸ್ಕೋಬೇಕ್ರೀ ಮೇಡಂ. ಫುಟ್‌ಬಾಲ್‌ದಾಗ ಅದು ಅ ಆ ಇ ಈ. ಹೆಣ್ಣು ಹುಡುಗ್ಯಾರಿಗೆ ನಾ ಅದನ್ನ ಹೆಂಗ ಹೇಳ್ಲಿ? ಬಾಯಿಲೆ ಹೇಳಿದ್ರ ತಲಿ ತಗ್ಗಿಸ್ತಾರ. ನಿಂತು ತೋರಿಸ್ಲಾಕ ನನಗ ಬಾಯಿ ಕೈ ಎರಡೂ ಏಳವಲ್ಲು. ಹನ್ನೆರಡು ವರ್ಷ ನಮ್ಮ ಹುಡುಗ್ಯಾರು ಆ ಬಾಲ್ ಬಂದ್ರ ಬೆನ್ನು ತಿರುವ್ಯಾರ. ಎದುರಿನ ಟೀಮಿಗೆ ಗೊತ್ತಾಗಿಬಿಟ್ಟದ. ಬೇಕಂತಲೇ ಎದಿ ಮಟ್ಟಕ್ಕ ಹಾಕ್ತಾರ."

ಒಮ್ಮೆ ಹೆಂಡತಿ ಶಮೀಮ್ ಅವರಿಗೆ ಕಲಿಸಿ, ಅವರಿಂದ ಹುಡುಗಿಯರಿಗೆ ಕಲಿಸಲು ನೋಡಿದರಂತೆ. ಶಮೀಮ್ ಮಾನ್ವಿ ಬಜಾರದಲ್ಲಿ ಬಳೆ ಅಂಗಡಿ ನಡೆಸುತ್ತಾರೆ. ಟೀಮು ಊರು ಬಿಟ್ಟು ಹೋಗುವಾಗಲೆಲ್ಲ ಅಂಗಡಿ ಮುಚ್ಚಿ ಜೊತೆಗೆ ಹೋಗುವವರು. "ಶಮೀಮ್ ಚಾಚಿ ಬರ್ತಾರ" ಎಂದರೆ ಮಾತ್ರ ತಾಯಂದಿರು ಮಕ್ಕಳನ್ನು ಕಳಿಸುವುದು. ಮನೆಯಂಗಳದಲ್ಲಿ ಗಂಡ ಎಸೆದ ಮೊದಲ ಬಾಲು ಅವರ ಎದೆಯ ಬದಲು ಮೂಗಿಗೆ ಬಡಿದು, ಮೂರು ದಿನ ಮನೆಯಲ್ಲಿ ಮಾತುಕತೆ ಬಂದ್!

"ಹೋದ ವರ್ಷ ರೇಣುಕಾ ಡಿಗ್ರಿ ಮುಗಿಸಿ ಬಂದ್ಲು. ಅಲ್ಲಿ ಆಕೀಗೆ ಹೆಣ್ಮಗಳೇ ಕೋಚ್ ಇದ್ದಳಂತ. ಒಂದಿನ ಗ್ರೌಂಡಿಗೆ ಬಂದು, ನಾ ಹನ್ನೆರಡು ವರ್ಷದಾಗ ಕಲಿಸಲಾರದ್ದು ಹತ್ತು ನಿಮಿಷದಾಗ ಕಲಿಸಿದಳ್ರೀ. ಅವತ್ತು ಮನಿಗೆ ಹೋಗಿ ಶಮೀಮ್‌ಗೆ ಹೇಳಿದ್ನಿ, ಟೀಮಿಗೆ ಕೋಚ್ ಸಿಕ್ಕಾಳ ಅಂತ."

ಟೀ ತಣ್ಣಗಾಗಿತ್ತು. ಎದುರಿಗಿದ್ದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿತು, ನನ್ನ ಬಗ್ಗೆ ಅಷ್ಟೇ ನಾಚಿಕೆ. ಗುರುವಿನ ಅನ್ನಕ್ಕೆ ಕೈ ಹಾಕಿದೆ ಎಂದು ಆ ಹುಡುಗಿಯ ಮೇಲೆ ಹರಿಹಾಯ್ದೆನಲ್ಲ! ಅನ್ನದ ತಟ್ಟೆಯನ್ನು ಗುರುವೇ ಅವಳ ಮುಂದೆ ಸರಿಸಿದ್ದ.

"ಮುಂದೆ ನೀವೇನು ಮಾಡ್ತೀರಿ?" ಎಂದೆ.

"ಬಳಿ ಅಂಗಡಿ ಅದಲ್ರೀ. ಬಳಿ ಇಡ್ಸೋದ್ರಾಗ ಶಮೀಮೇ ಕೋಚ್" ಎಂದರು. ಮತ್ತೆ ಗಂಭೀರವಾಗಿ, "ಒಳಗ ಏನೂ ಹೇಳಬ್ಯಾಡ್ರಿ ಮೇಡಂ, ಕೈ ಮುಗೀತೀನಿ" ಎಂದರು.

ಒಳಗೆ ಹೋದೆ. ಮಾರ್ಕ್ಸ್ ಹಾಕುವ ಹೊತ್ತು. ಖಾಜಾ ಸರ್ ಕೊಟ್ಟ ಉತ್ತರಗಳಿಗೆ ಎಷ್ಟು ಬರಬೇಕೋ ಅಷ್ಟೇ ಹಾಕಿದೆ, ಅಂದರೆ ಸೊನ್ನೆ. ಇಷ್ಟು ಪ್ರೀತಿಯಿಂದ ಯಾರಿಗೂ ನಾನು ಸೊನ್ನೆ ಹಾಕಿದ್ದಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪ್ರತಿ ಅಭ್ಯರ್ಥಿಯ ಹಾಳೆಯ ಕೆಳಗೆ ಷರಾ ಎಂಬ ಒಂದು ಜಾಗ ಇರುತ್ತದೆ. ತಜ್ಞರು ಖಾಜಾ ಸರ್ ಹಾಳೆ ಎಳೆದುಕೊಂಡರು. "ಹತ್ತು ಮಂದಿ ಅಂತಾನ್ರೀ ಈತ! ಇಷ್ಟು ವರ್ಷ ಏನು ಕಲಿಸಿರಬೇಕು? ತರಬೇತಿಗೆ ಯೋಗ್ಯರಲ್ಲ ಅಂತ ಬರೆದುಬಿಡ್ತೀನಿ. ಫೈಲಿನ್ಯಾಗ ಇರ್ಲಿ."

ಹುದ್ದೆ ಬಿಟ್ಟುಕೊಡಲು ಬಂದವನ ಹೆಸರನ್ನೂ ಕಳೆಯುವುದೇ? ಆ ಹಾಳೆ ಕಾಲೇಜಿನ ಕಪಾಟಿನಲ್ಲಿ ಉಳಿಯುತ್ತದೆ. ನಾಳೆ ಯಾರಾದರೂ ತೆಗೆದು ನೋಡಿದರೆ ಹನ್ನೆರಡು ವರ್ಷದ ದುಡಿಮೆಗೆ ಸಿಕ್ಕ ಸರ್ಟಿಫಿಕೇಟ್ ಅದೊಂದೇ. ಆದರೆ ಏನೂ ಹೇಳಬೇಡಿ ಎಂದು ಆ ಮನುಷ್ಯ ಕೈ ಮುಗಿದಿದ್ದಾರೆ.

"ಕೊಡಿ ಸರ್, ಷರಾ ನಾನು ಬರೀತೀನಿ. ನನ್ನ ಅಕ್ಷರ ಚೆನ್ನಾಗಿದೆ" ಎಂದೆ. ಹಾಳೆಯನ್ನು ಕೇಳಿದೆ ಅನ್ನುವುದಕ್ಕಿಂತ ಕಿತ್ತುಕೊಂಡೆ ಅನ್ನುವುದು ಸರಿ.

ಬರೆದೆ: "ಇವರು ಉತ್ತಮ ಕೋಚ್. ಪುರಾವೆ: ಎರಡನೇ ಅಭ್ಯರ್ಥಿ."

ತಜ್ಞರು ಓದಿದರು. ಮತ್ತೊಮ್ಮೆ ಓದಿದರು. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೂವತ್ತು ವರ್ಷ ಮೈದಾನದಲ್ಲಿ ಕಳೆದವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸಹಿ ಹಾಕಿದರು. ಪ್ರಿನ್ಸಿಪಾಲರೂ ಹಾಕಿದರು. (ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ಮಾನ್ವಿಯವರಿಗೆ ಯಾರೆಂದು ಗೊತ್ತಾಗಿಯೇ ಆಗುತ್ತದೆ. ಆಗಲಿ ಬಿಡಿ, ರೇಣುಕಾಳ ಕೈಗೆ ಆದೇಶ ಬಂದಾಗಿದೆ.)

ಕಳೆದ ವಾರ ದೇವದುರ್ಗದಲ್ಲಿ ಅವರ ಮ್ಯಾಚ್ ಇತ್ತು. ನನ್ನ ಜೀವಮಾನದಲ್ಲೇ ಮೊದಲ ಸಲ ಫುಟ್‌ಬಾಲ್ ನೋಡಲು ಹೋದೆ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಹುಡುಗಿಯರ ಬೂಟಿಗೆ ಕೆಜಿಗಟ್ಟಲೆ ಅಂಟಿಕೊಂಡಿತ್ತು. ಗೀಟಿನ ಪಕ್ಕ ಕೊರಳಲ್ಲಿ ಸೀಟಿ ಹಾಕಿಕೊಂಡು ರೇಣುಕಾ ನಿಂತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು. ಕ್ಷಮೆ ಕೇಳೋಣವೆಂದು ಹತ್ತಿರ ಹೋದೆ. "ಮ್ಯಾಚ್ ಮುಗೀಲಿ ರೀ ಮೇಡಂ, ಈಗ ಪುರುಸೊತ್ತಿಲ್ಲ" ಎಂದಳು. ಸರಿಯಾದ ಉತ್ತರವೇ.

ಸಿಮೆಂಟಿನ ಮೆಟ್ಟಿಲುಗಳ ಮೇಲೆ ಖಾಜಾ ಸರ್ ಕೂತಿದ್ದರು, ಪಕ್ಕದಲ್ಲಿ ಶಮೀಮ್. ಅಂಗಡಿ ಮುಚ್ಚಿಕೊಂಡೇ ಬಂದಿದ್ದರು. ನಾನೂ ಹೋಗಿ ಕೂತೆ. ಅರ್ಧ ಆಟ ಮುಗಿಯುವ ಮೊದಲೇ ಮಾನ್ವಿ ಟೀಮು ಎರಡು ಗೋಲು ಹಿಂದಿತ್ತು. ಖಾಜಾ ಸರ್ ಬಾಯಿ ಬಿಗಿಹಿಡಿದು ಕರ್ಚೀಫು ಹಿಂಡುತ್ತಿದ್ದರು.

ಆಗ ದೂರದಿಂದ ಒಂದು ಬಾಲು ಸೊಂಯ್ಯನೆ ಬಂತು, ಸರಿಯಾಗಿ ಎದೆ ಮಟ್ಟಕ್ಕೆ. ಕುಳ್ಳಗಿನ ಒಂದು ಹುಡುಗಿ ಬೆನ್ನು ತಿರುಗಿಸಲಿಲ್ಲ. ಎದೆ ಒಡ್ಡಿದಳು. ಬಾಲು ಮೆತ್ತಗೆ ಅವಳ ಕಾಲ ಬಳಿ ಇಳಿಯಿತು. ಅವಳು ಅದನ್ನು ಕಾಲಲ್ಲೇ ತಳ್ಳಿಕೊಂಡು ಓಡಿದಳು.

ಖಾಜಾ ಸರ್ ಎದ್ದು ನಿಂತುಬಿಟ್ಟರು. "ಎಡಕ್ಕ ಕೊಡು! ಎಡಕ್ಕ ಕೊಡಲೇ!" ಎಂದು ಕೂಗಿದರು. ಹುಡುಗಿಗೆ ಆ ದನಿಯ ರೂಢಿ. ಓಡುತ್ತಿದ್ದವಳು ಗಲಿಬಿಲಿಗೊಂಡು ಮೆಟ್ಟಿಲ ಕಡೆ ಒಮ್ಮೆ, ರೇಣುಕಾಳ ಕಡೆ ಒಮ್ಮೆ ನೋಡಿದಳು. ಬಾಲು ಕಾಲಿಂದ ಜಾರಿತು.

ರೇಣುಕಾ ಹಿಂದಕ್ಕೆ ತಿರುಗಿದಳು. ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದಳು, "ಸರ್, ಕುಂದರ್ರಿ."

ಶಮೀಮ್ ಸೆರಗು ಬಾಯಿಗಿಟ್ಟುಕೊಂಡರು. ಹನ್ನೆರಡು ವರ್ಷ ಆ ಟೀಮನ್ನು ಕೂರಿಸಿ ಏಳಿಸಿದ ಮನುಷ್ಯ ಒಂದು ಗಳಿಗೆ ಹಾಗೇ ನಿಂತಿದ್ದರು.

ಆಮೇಲೆ ಕೂತರು. ನಗುತ್ತಾ ಕೂತರು.

ಮ್ಯಾಚ್ ಸೋತರು. ಆದರೆ ರಾಯಚೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಗೋಲುಗಳಲ್ಲ. ಜಾಗ ಸಿಕ್ಕರೆ ಅಂಟಿಕೊಂಡು ಕೂರುವವರನ್ನು ಕಾಲೇಜು, ಕಚೇರಿ, ಸಭೆ, ಸಂಘ ಎಲ್ಲೆಲ್ಲೂ ನೋಡಿದ್ದೇನೆ. ಎದ್ದು ಜಾಗ ಕೊಟ್ಟು, ಹಿಂದೆ ಹೋಗಿ ಹೀಗೆ ನಗುತ್ತಾ ಕೂರಲು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?